ಬಿಸಿಲೂರಿನ ಅಡುಗೆಮನೆ, ಅಲ್ಲಿನ ಕಸ: ನನ್ನ ಅನುಭವ

ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ಮಾಡುವ ಬಗ್ಗೆ ನಾನು ಓದಿದ್ದರಲ್ಲಿ ಹೆಚ್ಚಿನದು ಮಳೆ ಬೀಳುವ ಊರಿನವರು ಬರೆದದ್ದು. ಕಸ ಒದ್ದೆಯಾಗುತ್ತದೆ, ನೀರು ಸೋರುತ್ತದೆ, ತೆಂಗಿನ ನಾರಿನ ಪುಡಿ ಹಾಕಿ ತೇವ ಹೀರಿಸಿ ಎಂಬುದೇ ಅವರ ಉಪದೇಶ. ಕಲಬುರಗಿಯ ಕಥೆಯೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಊರಿದು. ಮಾಳಿಗೆಯ ಮೇಲೆ ಮಣ್ಣಿನ ಕುಂಡದಲ್ಲಿ ಹಾಕಿದ ಸೌತೆಕಾಯಿ ಸಿಪ್ಪೆ ಕೊಳೆಯುವ ಬದಲು ಒಣಗಿ ಹಪ್ಪಳವಾಗುತ್ತದೆ. ತೇವವಿಲ್ಲದ ಕಡೆ ಸೂಕ್ಷ್ಮಜೀವಿಗಳು ಕೆಲಸ ಮಾಡುವುದಿಲ್ಲ. ಹಾಗಾಗಿ ಇಲ್ಲಿ ಕಸದ ವ್ಯವಹಾರವನ್ನು ಬಿಸಿಲಿನೊಂದಿಗೆ ಒಪ್ಪಂದ ಮಾಡಿಕೊಂಡೇ ನಡೆಸಬೇಕು.

ಗೊಬ್ಬರದ ಮಾತಿಗೆ ಮೊದಲು ರೊಟ್ಟಿಯ ಮಾತು. ಮನೆಯಲ್ಲಿ ದಿನವೂ ಜೋಳದ ರೊಟ್ಟಿ ಬಡಿಯುತ್ತೇವೆ, ಒಂದೆರಡು ಮಿಕ್ಕೇ ಮಿಕ್ಕುತ್ತವೆ. ಅವನ್ನು ಅದೇ ರಾತ್ರಿ ಸಣ್ಣ ಉರಿಯ ಹಂಚಿನ ಮೇಲೆ ಹಾಕಿ, ಬಟ್ಟೆಯ ಉಂಡೆಯಿಂದ ಒತ್ತುತ್ತ, ತೇವ ಪೂರ್ತಿ ಹೋಗುವವರೆಗೆ ಸುಡುತ್ತೇನೆ. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು. ಚೆನ್ನಾಗಿ ಆರಿದ ಮೇಲೆ ಬುಟ್ಟಿಯಲ್ಲಿ ಜೋಡಿಸಿಟ್ಟರೆ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಮಾತ್ರ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಮುರಿದ ಚೂರುಗಳಿಗೆ ನೀರು ಚಿಮುಕಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಒಗ್ಗರಣೆ ಕೊಡುತ್ತೇನೆ. ಮಕ್ಕಳು ಇದನ್ನು ಉಪ್ಪಿಟ್ಟಿಗಿಂತ ಇಷ್ಟಪಟ್ಟು ತಿನ್ನುತ್ತಾರೆ. ಅದು ನನ್ನ ಉಪ್ಪಿಟ್ಟಿನ ಬಗ್ಗೆ ಏನು ಹೇಳುತ್ತದೆ ಎಂದು ನಾನು ವಿಚಾರಿಸಲು ಹೋಗಿಲ್ಲ.

ಸಿಪ್ಪೆಗಳಲ್ಲಿ ಅರ್ಧದಷ್ಟು ಕಸವೇ ಅಲ್ಲ. ಹೀರೆಕಾಯಿಯದು ಅದರಲ್ಲಿ ಮೊದಲನೆಯದು. ಎಳೆಯ ಕಾಯಿಯ ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಅಂಚು ಗರಿಯಾಗುವವರೆಗೆ ಹುರಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಎಳ್ಳು, ಚೂರು ಹುಣಸೆಹಣ್ಣಿನೊಂದಿಗೆ ಒರಳಲ್ಲಿ ತರಿತರಿಯಾಗಿ ಕುಟ್ಟಿದರೆ ರೊಟ್ಟಿಗೆ ಬೇರೆ ಪಲ್ಯವೇ ಬೇಡ. ಆದರೆ ಹೆರೆಯುವ ಮೊದಲು ಕಾಯಿಯ ತುದಿಯನ್ನು ಚೂರು ನಾಲಿಗೆಗೆ ತಾಗಿಸಿ ನೋಡಬೇಕು. ಕಹಿ ಇದ್ದರೆ ಇಡೀ ಕಾಯನ್ನೇ ಬಿಟ್ಟುಬಿಡಬೇಕು, ಆ ಕಹಿ ವಾಂತಿಭೇದಿ ತರಬಲ್ಲದು. ಬೇಸಿಗೆಯಲ್ಲಿ ಅತಿ ಹೆಚ್ಚು ಜಾಗ ತಿನ್ನುವುದು ಕಲ್ಲಂಗಡಿ ಸಿಪ್ಪೆ. ಹೊರಗಿನ ಹಸಿರು ಹೆರೆದು, ಬಿಳಿ ತಿರುಳನ್ನು ಹೆಚ್ಚಿ ತೊಗರಿ ಬೇಳೆಯೊಂದಿಗೆ ಬೇಯಿಸಿದರೆ ಸೋರೆಕಾಯಿ ಎಂದೇ ಎಲ್ಲರೂ ಉಣ್ಣುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೇಳೆ ನಮ್ಮದು, ಅದರ ಜೊತೆ ಬೆಂದ ಯಾವುದಕ್ಕೂ ರುಚಿ ಬರುತ್ತದೆ. ಹಿಂಡಿದ ನಿಂಬೆ ಹೋಳುಗಳನ್ನು ಉಪ್ಪು ಬೆರೆಸಿದ ಗಾಜಿನ ಭರಣಿಗೆ ಹಾಕುತ್ತ ಬಿಸಿಲಿಗಿಡುತ್ತೇನೆ, ಮೆತ್ತಗಾದ ಮೇಲೆ ಖಾರ ಬೆರೆಸಿದರೆ ಉಪ್ಪಿನಕಾಯಿ.

ವಾರದ ಕೊನೆಗೆ ಬುಟ್ಟಿಯಲ್ಲಿ ಒಂದು ಬದನೆಕಾಯಿ, ಅರ್ಧ ಗಜ್ಜರಿ, ಬಾಡಿದ ಮೆಂತ್ಯ ಸೊಪ್ಪು ಉಳಿದಿರುತ್ತದೆ. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿ ಇರುವುದೇ ಇಂಥ ಹತ್ತು ಬಗೆಯ ಸೊಪ್ಪು, ಕಾಯಿ, ಕಾಳುಗಳನ್ನು ಒಂದೇ ಪಾತ್ರೆಗೆ ಸೇರಿಸಲು. ಮಜ್ಜಿಗೆಯಲ್ಲಿ ಕಡಲೆ ಹಿಟ್ಟು ಕಲಸಿ ಹೊಯ್ದು ಕುದಿಸಿದರೆ ಯಾವುದು ಬಾಡಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಮಾತ್ರ ಮಾಡಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

ಕೊಳ್ಳುವ ಬಗ್ಗೆ ಹೇಳಲು ಹೆಚ್ಚಿಲ್ಲ. ಹೊತ್ತು ಮುಳುಗುವಾಗ ಕಣ್ಣಿ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಟ್ಟು ಅಗ್ಗವಾಗುತ್ತದೆ, ಅಗ್ಗವೆಂದು ತಂದ ನಾಲ್ಕನೆಯ ಕಟ್ಟು ಸೀದಾ ತಿಪ್ಪೆಗೆ.

ಇಷ್ಟಾದ ಮೇಲೂ ಉಳಿಯುವುದು ಗೊಬ್ಬರಕ್ಕೆ. ಬೇಸಿಗೆಯಲ್ಲಿ ನಾನು ಮಣ್ಣಿನ ಕುಂಡ ಬಳಸುವುದಿಲ್ಲ. ಅದರ ಮೈಯಿಂದಲೇ ನೀರು ಆವಿಯಾಗಿ ಹೋಗುತ್ತದೆ. ತೂತು ಕೊರೆದ ಹಳೆಯ ಪ್ಲಾಸ್ಟಿಕ್ ಬಕೆಟ್ಟನ್ನು ಮೆಟ್ಟಿಲ ಕೆಳಗಿನ ನೆರಳಿನಲ್ಲಿ, ಎರಡು ಇಟ್ಟಿಗೆಯ ಮೇಲೆ ಇಟ್ಟಿದ್ದೇನೆ. ಮಳೆಗಾಲಕ್ಕೆ ಕುಂಡ, ಬೇಸಿಗೆಗೆ ಬಕೆಟ್. ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಎಲೆ, ಶುರುವಿಗೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ. ಫೆಬ್ರುವರಿ, ಮಾರ್ಚ್‌ನಲ್ಲಿ ಬೇವಿನ ಮರಗಳು ಎಲೆ ಉದುರಿಸುವಾಗ ಜನ ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಸುಡುತ್ತಾರೆ. ನಾನು ಸುಡುವ ಮೊದಲೇ ಚೀಲ ಹಿಡಿದು ಹೋಗುತ್ತೇನೆ. ಓಣಿಯವರು ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು, ಈಗ ತಾವೇ ಗುಡಿಸಿ ಚೀಲಕ್ಕೆ ತುಂಬಿ ಕೊಡುತ್ತಾರೆ.

ತೇವಕ್ಕೆ ಅಕ್ಕಿ, ಬೇಳೆ ತೊಳೆದ ನೀರು ಸಾಕು. ಒಳಗಿನದನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ: ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಎಲೆ ಬೇಕು, ಪುಡಿಪುಡಿಯಾಗಿ ಉದುರಿದರೆ ನೀರು ಬೇಕು. ವಾಸನೆ ಬಂದರೂ ಮದ್ದು ಒಂದೇ, ಒಣ ಎಲೆ ಹಾಕಿ ಕೆದಕುವುದು. ದಪ್ಪ ಹುಳುಗಳು ಕಂಡರೆ ಹೆದರಬೇಕಿಲ್ಲ, ಅವು ಕಸ ತಿನ್ನುವ ಒಂದು ಜಾತಿಯ ನೊಣದ ಮರಿಗಳು. ಎರೆಹುಳು ತಂದು ಬಿಡಿ ಎಂದು ಸಲಹೆ ಕೊಡುವವರು ಬಹಳ. ಗೊಬ್ಬರಕ್ಕೆಂದು ಮಾರುವ ಕೆಂಪು ಹುಳು 35 ಡಿಗ್ರಿ ದಾಟಿದರೆ ಬದುಕುವುದೇ ಕಷ್ಟ, ನಮ್ಮ ಮಾಳಿಗೆಯ ಮೇಲೆ ಅವನ್ನು ಬಿಡುವುದು ಪಾಪದ ಕೆಲಸ.

ಉಪ್ಪು, ಎಣ್ಣೆ ಬೆರೆತ ಅನ್ನ, ಸಾರು ಬಕೆಟ್ಟಿಗೆ ಹಾಕುವುದಿಲ್ಲ, ಇಲಿ ಬರುತ್ತದೆ. ಹಳಸದೆ ಮಿಕ್ಕ ಅನ್ನ, ಮುಸುರೆ ಪಕ್ಕದ ಮನೆಯ ಎಮ್ಮೆಗೆ. ಅದನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ರಸ್ತೆಯ ಮೂಲೆಯಲ್ಲಿ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದನ ಚೀಲ ಬಿಚ್ಚಿ ಉಣ್ಣುವುದಿಲ್ಲ, ಚೀಲ ಸಮೇತ ನುಂಗುತ್ತದೆ. ಹಸಿ, ಒಣ, ಅಪಾಯಕಾರಿ ಎಂದು ಕಸ ಬೇರ್ಪಡಿಸಿ ಕೊಡಬೇಕೆಂದು 2016ರ ನಿಯಮವೇ ಹೇಳಿತ್ತು. ಈಗ ನಮ್ಮ ಮನೆಯಿಂದ ಕಸದ ಗಾಡಿಗೆ ಹೋಗುವುದು ಹೆಚ್ಚಾಗಿ ಹಾಲಿನ ಪೊಟ್ಟಣ, ಹರಿದ ಕವರು.

ಮೂರ್ನಾಲ್ಕು ತಿಂಗಳಿಗೆ ಬಕೆಟ್ಟಿನ ತಳದ್ದು ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆಗ ಜರಡಿ ಹಿಡಿಯುತ್ತೇನೆ. ಪುಂಡಿ ದಂಟು ನಾರಿನದು, ಬೇಗ ಕರಗುವುದಿಲ್ಲ, ಮಾವಿನ ಗೊರಟೆಯೂ ಹಾಗೆಯೇ. ಅವು ಮತ್ತೆ ಬಕೆಟ್ಟಿಗೆ ಬೀಳುತ್ತವೆ. ನಮ್ಮ ಎರೆ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಮೂರನೆಯ ಒಂದು ಪಾಲು ಈ ಗೊಬ್ಬರ, ಸ್ವಲ್ಪ ಮರಳು ಬೆರೆಸಿದರೆ ಕುಂಡದಲ್ಲಿ ನೀರು ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಕರಿಬೇವಿಗೆ ಜೂನ್‌ನಲ್ಲಿ ಬುಡಕ್ಕೆ ಎರಡು ಹಿಡಿ ಹಾಕಿದರೆ ದೀಪಾವಳಿವರೆಗೆ ಮತ್ತೇನೂ ಕೇಳುವುದಿಲ್ಲ.