ಮಕ್ಕಳಿಗೆ ವಾರ್ಫರಿನ್: ತೂಕ ನೋಡಿ ಶುರು, ಆಮೇಲೆ ತಟ್ಟೆ ನೋಡಿ

ವಾರ್ಫರಿನ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ನಾನು ಅದನ್ನು ಕೊಡುವ ಮಕ್ಕಳಲ್ಲಿ ಹೃದಯಕ್ಕೆ ಮೆಟಲ್ ವಾಲ್ವ್ ಹಾಕಿಸಿಕೊಂಡವರೇ ಜಾಸ್ತಿ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಹಾಳಾದವರು. ಇವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) 2.5ರಿಂದ 3.5ರೊಳಗೆ ಇರಬೇಕು. ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಏರಿದರೆ ರಕ್ತಸ್ರಾವದ ಭಯ.

ಶುರು ಮಾಡುವುದು ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ. ಲಿವರ್ ಸರಿಯಿಲ್ಲದಿದ್ದರೆ ಅದರ ಅರ್ಧ. ಆಮೇಲೆ ಐಎನ್‌ಆರ್ ಹೇಳಿದಂತೆ ಕೇಳಬೇಕು. ವರ್ಷದೊಳಗಿನ ಕೂಸಿಗೆ ಕೊನೆಗೆ ಕೆಜಿಗೆ ಸುಮಾರು 0.33 ಮಿಲಿಗ್ರಾಂ ಬೇಕಾದರೆ, ಹದಿಹರೆಯದವರಿಗೆ 0.09ರಷ್ಟು ಸಾಕಾಗುತ್ತದೆ. ಓದಿಕೊಂಡ ಪೋಷಕರು ಜೀನ್ ಪರೀಕ್ಷೆ ಮಾಡಿಸಲಾ ಅಂತ ಕೇಳುತ್ತಾರೆ. ಜೀನ್‌ಗೂ ಪಾತ್ರ ಇದೆ, ನಿಜ. ಆದರೆ ನಾನು ಆ ದುಡ್ಡನ್ನು ಐಎನ್‌ಆರ್ ಪರೀಕ್ಷೆಗೇ ಇಟ್ಟುಕೊಳ್ಳಿ ಅನ್ನುತ್ತೇನೆ.

ಡೋಸ್ ಬದಲಿಸುವ ಮೊದಲು ಊಟ ಕೇಳುತ್ತೇನೆ. "ಸೊಪ್ಪು ಪೂರ್ತಿ ಬಿಡಿಸಿದ್ದೀವಿ ಡಾಕ್ಟ್ರೇ" ಅಂತ ಅಜ್ಜಿಯಂದಿರು ಹೆಮ್ಮೆಯಿಂದ ಹೇಳುತ್ತಾರೆ. ಐಎನ್‌ಆರ್ ಮೇಲೇರಿದ್ದೇ ಅದಕ್ಕೆ! ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸ ತಗ್ಗಿಸುತ್ತದೆ. ನುಗ್ಗೆ ಸೊಪ್ಪು, ದಂಟು, ಪಾಲಕ್ ಎಲ್ಲ ತಿನ್ನಲಿ ಅಜ್ಜಿ, ವಾರವಾರಕ್ಕೂ ಹೆಚ್ಚುಕಡಿಮೆ ಅಷ್ಟೇ ಇರಲಿ, ಅದಕ್ಕೆ ತಕ್ಕ ಡೋಸ್ ನಾನು ಕೊಡ್ತೀನಿ ಅನ್ನುತ್ತೇನೆ. ಕೂಸುಗಳ ಕಥೆ ಬೇರೆ. ಎದೆಹಾಲಿನಲ್ಲಿ ವಿಟಮಿನ್ ಕೆ ಕಡಿಮೆ, ಡಬ್ಬಿ ಹಾಲಿಗೆ ಅದನ್ನು ಸೇರಿಸಿರುತ್ತಾರೆ. ಹಾಗಾಗಿ ಎದೆಹಾಲಿನ ಕೂಸಿಗೆ ಸ್ವಲ್ಪವೇ ಮಾತ್ರೆ ಜೋರಾಗಿ ಹಿಡಿಯಬಹುದು. ಹಾಲು ಬದಲಿಸಿದರೆ ನನಗೆ ಫೋನ್ ಬರಬೇಕು. ಜ್ವರ, ಭೇದಿ ಬಂದು ಮಗು ಊಟ ಬಿಟ್ಟರೂ ಅಷ್ಟೇ, ಆಗ ಐಎನ್‌ಆರ್ ಏರುತ್ತದೆ.

ಎರಡನೇ ಪ್ರಶ್ನೆ, ಬೇರೆ ಯಾವ ಔಷಧಿ ನಡೀತಿದೆ? ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇಳಿಸುತ್ತದೆ, ಅದೂ ಎಷ್ಟೆಂದರೆ ವಾರ್ಫರಿನ್ ಏರಿಸುತ್ತಲೇ ಹೋಗಬೇಕಾಗುತ್ತದೆ. ನನಗೆ ಹೆಚ್ಚು ಹೆದರಿಕೆ ಟಿಬಿ ಕೋರ್ಸ್ ಮುಗಿಯುವಾಗ. ರಿಫಾಂಪಿಸಿನ್ ನಿಂತ ಮೇಲೆ ಅದರ ಪ್ರಭಾವ ಕೆಲವು ವಾರಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಏರಿಸಿದ ವಾರ್ಫರಿನ್ ಹಾಗೇ ಮುಂದುವರಿದರೆ ರಕ್ತಸ್ರಾವ ಖಚಿತ ಅನ್ನುವಷ್ಟು ಅಪಾಯ. ಅದಕ್ಕೇ ಕೋರ್ಸ್ ಮುಗಿಯುವ ತಾರೀಖನ್ನು ಮಗುವಿನ ಐಎನ್‌ಆರ್ ಪುಸ್ತಕದಲ್ಲಿ ಕೆಂಪಕ್ಷರದಲ್ಲಿ ಬರೆದಿಡುತ್ತೇನೆ, ಅಲ್ಲಿಂದ ವಾರಕ್ಕೊಮ್ಮೆಯಾದರೂ ಪರೀಕ್ಷೆ.

ಡೋಸ್ ಬದಲಿಸಿದ ಮರುದಿನವೇ ರಕ್ತ ತೆಗೆಯುವುದು ಸುಮ್ನೆ ಮಗುವಿಗೆ ಹಿಂಸೆ. ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ಇನ್ನು, ಚೀಟಿಯಲ್ಲಿ "ಅರ್ಧ ಮಾತ್ರೆ" ಅಂತ ನಾನು ಬರೆಯುವುದಿಲ್ಲ. ಅಂಗಡಿಯಲ್ಲಿ 2 ಮಿಲಿಗ್ರಾಂ ಇಲ್ಲ ಅಂತ 5ರ ಸ್ಟ್ರಿಪ್ ಕೊಟ್ಟರೆ ಆ ಅರ್ಧಕ್ಕೆ ಅರ್ಥವೇ ಬೇರೆ, ಅಲ್ವಾ? ಮಿಲಿಗ್ರಾಂನಲ್ಲೇ ಬರೆಯುತ್ತೇನೆ. ಪ್ರತಿ ಸಲ ಬರುವಾಗ ಖಾಲಿ ಸ್ಟ್ರಿಪ್ ತರಲು ಹೇಳುತ್ತೇನೆ.