ಗ್ವಾಟೆಮಾಲಾಕ್ಕೆ ಹೊರಡುವ ಮುನ್ನ

ಗ್ವಾಟೆಮಾಲಾ ಪ್ರವಾಸಕ್ಕೆ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಯಿಲ್ಲದ ತಿಂಗಳುಗಳನ್ನೇ ಆರಿಸಿಕೊಳ್ಳಿ. ಸುಮಾರು 1,500 ಮೀಟರ್ ಎತ್ತರದಲ್ಲಿರುವ ಆಂಟಿಗ್ವಾ ಪಟ್ಟಣದಲ್ಲಿ ರಾತ್ರಿ ಚಳಿಯಿರುತ್ತದೆ, ಆದರೆ ಟಿಕಾಲ್ ಎಂಬಲ್ಲಿ ಪ್ರಾಚೀನ ಮಾಯಾ ಜನರ ದೇಗುಲಗಳಿರುವ ಉತ್ತರದ ಕಾಡಿನಲ್ಲಿ ಸೆಕೆ ಹೆಚ್ಚು. ಆದ್ದರಿಂದ ಸ್ವೆಟರ್ ಮತ್ತು ತೆಳುವಾದ ಹತ್ತಿ ಬಟ್ಟೆ ಎರಡೂ ಚೀಲದಲ್ಲಿರಲಿ. ನಲ್ಲಿ ನೀರನ್ನು ಕುಡಿಯಬೇಡಿ. ಸಂತೆಗಳಲ್ಲಿ ಕೊಡಲು ಅಲ್ಲಿನ ಹಣವಾದ ಕೆಟ್ಸಾಲ್‌ನ ಚಿಲ್ಲರೆ ನೋಟುಗಳನ್ನು ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಊಟದ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮೆಕ್ಕೆಜೋಳದ ಬಿಸಿ ರೊಟ್ಟಿಯ ಪಕ್ಕದಲ್ಲಿ ಬಡಿಸುವ, ನುಣ್ಣಗೆ ಮಸೆದು ಬಾಡಿಸಿದ ಕಪ್ಪು ಬೀನ್ಸ್ ಕಾಳಿನ ಪಲ್ಯ ನೋಡುವುದಕ್ಕೆ ಸಸ್ಯಾಹಾರದಂತೆಯೇ ಇದ್ದರೂ, ಕೆಲವೆಡೆ ಅದನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸಿರುತ್ತಾರೆ. ಮಾಂಸ ಬೇಡವೆನ್ನಲು ಅಲ್ಲಿನ ಸ್ಪ್ಯಾನಿಷ್ ಭಾಷೆಯಲ್ಲಿ ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಸಾಲದು, ‘ಸಿನ್ ಮಾಂತೇಕಾ’ ಎಂದು ಕೊಬ್ಬಿನ ಬಗ್ಗೆಯೂ ತಿಳಿಸಿಬಿಡಿ. ಅಲ್ಲಿನ ಸಾಕೆಟ್‌ಗೆ ನಮ್ಮ ದುಂಡು ಪಿನ್ನಿನ ಪ್ಲಗ್ ಹಿಡಿಸುವುದಿಲ್ಲವಾದ್ದರಿಂದ ಚಪ್ಪಟೆ ಪಿನ್ನಿನ ಅಡಾಪ್ಟರನ್ನು ಇಲ್ಲಿಂದಲೇ ಕೊಂಡೊಯ್ಯಿರಿ.