ಎಣ್ಣೆ ಲಸಿಕೆ, ಪಟಿಕದ ಲಸಿಕೆ: ಕೊಡಗಿನಲ್ಲಿ ನಾನು ಬಳಸುವ ಬಗೆ

ಕಾಲುಬಾಯಿ ರೋಗದ ಲಸಿಕೆ ಈಗ ಹೆಚ್ಚಾಗಿ ಎಣ್ಣೆಯದ್ದು. ದನಕ್ಕೆ 2 ಮಿ.ಲೀ., ಕತ್ತಿನ ಮಾಂಸಖಂಡಕ್ಕೆ ಆಳವಾಗಿ. ಗಳಲೆ ರೋಗ ಮತ್ತು ಚಪ್ಪೆ ರೋಗಕ್ಕೆ ಪಟಿಕದ ಲಸಿಕೆ ಬಂದರೆ 5 ಮಿ.ಲೀ., ಚರ್ಮದಡಿಗೆ. ಗಳಲೆಗೇ ಎಣ್ಣೆಯ ಲಸಿಕೆಯೂ ಉಂಟು; ಆಗ ಪ್ರಮಾಣ, ಜಾಗ ಎರಡೂ ಬೇರೆ. ಹಾಗಾಗಿ ಬಾಟಲಿ ಕೈಗೆ ಬಂದ ಕೂಡಲೇ ಅಡ್ಜುವಂಟ್, ಅಂದರೆ ಲಸಿಕೆಯ ಬಲ ಹೆಚ್ಚಿಸಲು ಬೆರೆಸುವ ಎಣ್ಣೆ ಅಥವಾ ಪಟಿಕ, ಯಾವುದೆಂದು ಲೇಬಲ್ಲಿನಲ್ಲಿ ನೋಡುತ್ತೇನೆ. ಸೂಜಿ, ಜಾಗ, ಐಸು, ಆಮೇಲೆ ಏಳುವ ಗಂಟು, ಎಲ್ಲವೂ ಅದರ ಮೇಲೇ ನಿಂತಿರುತ್ತವೆ.

ಸತ್ತ ರೋಗಾಣುವನ್ನು ಬರೀ ನೀರಿನಲ್ಲಿ ಕೊಟ್ಟರೆ ದೇಹ ಅದನ್ನು ಬೇಗ ತೊಳೆದುಹಾಕುತ್ತದೆ, ಪ್ರತಿರೋಧ ಗಟ್ಟಿಯಾಗುವುದಿಲ್ಲ. ಫ್ರಾನ್ಸಿನ ಪಶುವೈದ್ಯ ಗಾಸ್ಟನ್ ರಮೋನ್ ಇದಕ್ಕೆ ದಾರಿ ಕಂಡದ್ದು ಕುದುರೆಗಳಲ್ಲಿ: ಚುಚ್ಚಿದ ಜಾಗ ಬಾತು ಕೀವಾದ ಕುದುರೆಗಳ ರಕ್ತದಲ್ಲಿ ಪ್ರತಿಕಾಯ ಹೆಚ್ಚಿತ್ತು. 1925ರ ಹೊತ್ತಿಗೆ ಆತ ಬೇಕೆಂದೇ ಉರಿಯೂತ ಎಬ್ಬಿಸಲು ಬೆರೆಸಿ ನೋಡಿದ ಪದಾರ್ಥಗಳಲ್ಲಿ ಟಪಿಯೋಕ, ಅಂದರೆ ನಮ್ಮ ಮರಗೆಣಸಿನ ಹಿಟ್ಟೂ ಇತ್ತು. ಮರುವರ್ಷ ಬ್ರಿಟನ್ನಿನ ವಿಜ್ಞಾನಿ ಗ್ಲೆನಿ ಪಟಿಕ ತಂದರು. ಇಂದಿಗೂ ಕೆಲಸ ಅದೇ: ಪ್ರತಿಜನಕವನ್ನು (ದೇಹ ಗುರುತಿಸಬೇಕಾದ ರೋಗಾಣುವಿನ ಅಂಶವನ್ನು) ಹಿಡಿದಿಡುವುದು, ರಕ್ಷಣಾ ಕೋಶಗಳನ್ನು ಆ ಜಾಗಕ್ಕೆ ಕರೆಯುವುದು. ಕಂದು ಹಾಕಿಸುವ ರೋಗದ ಬ್ರುಸೆಲ್ಲಾ ಎಸ್-19, ಆಡು-ಕುರಿಗಳ ಪಿಪಿಆರ್‌ನಂಥ ಜೀವಂತ ಲಸಿಕೆಗಳಿಗೆ ಅಡ್ಜುವಂಟ್ ಬೇಡ, ಅಲ್ಲಿ ರೋಗಾಣು ತಾನೇ ಬೆಳೆದು ಆ ಕೆಲಸ ಮಾಡಿಕೊಳ್ಳುತ್ತದೆ. ಒಣಪುಡಿಯಾಗಿ ಬರುವ ಅವನ್ನು ಕರಗಿಸಲು ಅವುಗಳದೇ ದ್ರಾವಣ ಬೇಕು. ಪಟಿಕದ ಲಸಿಕೆಯ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸುವ ಜಾಣತನ ಬೇಡ.

ಕೊಡಗಿನಲ್ಲಿ ಲಸಿಕೆ ಬಿಸಿಲಿಗೆ ಕೆಡುವುದಕ್ಕಿಂತ ಐಸಿಗೆ ಕೆಡುವುದೇ ಹೆಚ್ಚು ಎಂಬುದು ನನ್ನ ಲೆಕ್ಕ. ಮಡಿಕೇರಿ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಡಿಸೆಂಬರ್ ಬೆಳಗಿನಲ್ಲಿ ಡಬ್ಬದೊಳಗೂ ಚಳಿ, ಹೊರಗೂ ಚಳಿ. ಆದರೂ ಬಯಲುಸೀಮೆಯ ರೂಢಿಯಂತೆ ಫ್ರೀಜರಿನಿಂದ ತೆಗೆದ ಕಲ್ಲಿನಂಥ ಪ್ಯಾಕನ್ನು ಬಾಟಲಿಗೆ ಒತ್ತಿ ಇಡುತ್ತಾರೆ. ಪಟಿಕದ ಲಸಿಕೆಯಲ್ಲಿರುವ ಅಲ್ಯೂಮಿನಿಯಂ ಜೆಲ್ ಹೆಪ್ಪುಗಟ್ಟಿದರೆ ಅದರ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ಕರಗಿದ ಮೇಲೆ ಎಷ್ಟು ಕುಲುಕಿದರೂ ಮೊದಲಿನಂತಾಗುವುದಿಲ್ಲ. ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಗುಳುಗುಳು ಅನ್ನುವವರೆಗೆ ಕಾದು, ಬಾಟಲಿಗೂ ಪ್ಯಾಕಿಗೂ ನಡುವೆ ರಟ್ಟು ಇಟ್ಟು ಹೊರಡುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ, ಬಂದ ಕೂಡಲೇ ಫ್ರಿಜ್ಜಿನ ಚಳಿಯ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟು ಮಲಗಿದರೂ ಇದೇ ಗತಿ. ಬೇಕಾದ್ದು 2ರಿಂದ 8 ಡಿಗ್ರಿ.

ಅನುಮಾನ ಬಂದರೆ ಕುಲುಕಿ ನೋಡುವ ಪರೀಕ್ಷೆ ಉಂಟು. ಅದೇ ಬ್ಯಾಚಿನ ಒಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಬಾಟಲಿಯ ಜೊತೆ ಕುಲುಕಿ, ಎರಡನ್ನೂ ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಇಡಿ. ಅನುಮಾನದ್ದೂ ಅಷ್ಟೇ ವೇಗದಲ್ಲಿ ಗಸಿ ಇಳಿದು ಮೇಲೆ ತಿಳಿಯಾದರೆ ಎಸೆಯಿರಿ.

ಎಣ್ಣೆಯ ಲಸಿಕೆಗೆ ಈ ಪರೀಕ್ಷೆ ನಡೆಯದು. ಅಲ್ಲಿ ನೋಡಬೇಕಾದ್ದು ನೀರೂ ಎಣ್ಣೆಯೂ ಬೆರೆತ ಮಿಶ್ರಣ (ಎಮಲ್ಷನ್) ಒಡೆದಿದೆಯೇ ಎಂದು. ಮೇಲೆ ತೆಳುವಾದ ಎಣ್ಣೆಪದರ ನಿಂತು, ಮೆಲ್ಲಗೆ ತಲೆಕೆಳಗು ಮಾಡಿದಾಗ ಬೆರೆತರೆ ತೊಂದರೆಯಿಲ್ಲ; ಕೆಳಗೆ ನೀರು ಬೇರೆಯಾಗಿ ನಿಂತು ಬೆರೆಯದಿದ್ದರೆ ಮುಗಿಯಿತು. ಎಣ್ಣೆಯಲ್ಲೂ ಎರಡು ಬಗೆ. ಮುಗಿದ ಬಾಟಲಿಯ ಕೊನೆಯ ಹನಿಯನ್ನು ಒಂದು ಲೋಟ ನೀರಿಗೆ ಬಿಟ್ಟರೆ ಗೊತ್ತಾಗುತ್ತದೆ: ಹನಿ ಹನಿಯಾಗಿಯೇ ಮೇಲೆ ತೇಲಿದರೆ ಎಣ್ಣೆಯೊಳಗೆ ನೀರು, ಹಾಲಿನಂತೆ ಹರಡಿದರೆ ನೀರು-ಎಣ್ಣೆ-ನೀರಿನ ಜೋಡಿ ಎಮಲ್ಷನ್. ಎರಡನೆಯದು ತೆಳು, ಸೂಜಿಯಲ್ಲಿ ಸಲೀಸು. ಮೊದಲನೆಯದು ತಣ್ಣಗಿದ್ದರೆ ಜೇನಿನಂತೆ ಗಟ್ಟಿ. ಪ್ಲಂಜರ್ ಒತ್ತುವಷ್ಟರಲ್ಲಿ ದನ ಕೊಸರುತ್ತದೆ, ಅರ್ಧ ಡೋಸ್ ಹೊರಗೆ ಚೆಲ್ಲುತ್ತದೆ. ಸದ್ಯಕ್ಕೆ ಬೇಕಾದ ಒಂದೇ ಬಾಟಲಿಯನ್ನು ಅಂಗಿಯ ಜೇಬಿನಲ್ಲಿಟ್ಟು ಚಳಿ ಬಿಡಿಸುತ್ತೇನೆ. ದನಕ್ಕೆ 16 ಅಥವಾ 18 ಗೇಜಿನ ಸೂಜಿ. ಸಾಮಾನ್ಯ ರಬ್ಬರಿನ ವಾಷರ್ ಎಣ್ಣೆಗೆ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ, ದಿನದ ಕೊನೆಗೆ ಬಿಸಿನೀರಿನಲ್ಲಿ ಬಿಡಿಸಿ ತೊಳೆಯಲೇಬೇಕು.

ಹಂದಿಯ ವಿಷಯ ಇಲ್ಲಿ ಬೇರೆಯೇ. ಕಾಲುಬಾಯಿಗೆ ಜೆಲ್-ಸಪೋನಿನ್ ಲಸಿಕೆ (ಅಲ್ಯೂಮಿನಿಯಂ ಜೆಲ್ಲಿಗೆ ಗಿಡದಿಂದ ತೆಗೆದ ಸಪೋನಿನ್ ಬೆರೆಸಿದ್ದು) ದನದಲ್ಲಿ ನಡೆದರೂ ಹಂದಿಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ಎಣ್ಣೆಯದೇ ಬೇಕು. ಕಿವಿಯ ಬುಡದ ಹಿಂದೆ ಕತ್ತಿಗೆ ಕೊಡುತ್ತೇನೆ. ತೊಡೆಗೆ ಎಂದೂ ಇಲ್ಲ. ಎಣ್ಣೆ ನಿಂತ ಜಾಗದಲ್ಲಿ ಗಂಟು ಕಟ್ಟಿದರೆ ಒಳ್ಳೆಯ ಮಾಂಸದ ತುಂಡನ್ನೇ ಕಡಿದು ಬಿಸಾಡಬೇಕಾಗುತ್ತದೆ, ಪಂದಿ ಕರಿಯ ನಾಡಿನಲ್ಲಿ ಅದನ್ನು ಯಾರೂ ಮರೆಯುವುದಿಲ್ಲ. ಕೊಬ್ಬಿದ ಹಂದಿಗೆ ಒಂದಿಂಚಿನ ಸೂಜಿ ಸಾಲದು, ಕೊಬ್ಬಿನ ಪದರದಲ್ಲೇ ಲಸಿಕೆ ಉಳಿದುಬಿಡುತ್ತದೆ. ಒಂದೂವರೆ ಇಂಚು ಇರಲಿ. ಕೈಲ್‌ಪೊಳ್ದ್‌ ಹಬ್ಬಕ್ಕೆ ಕಡಿಯುವ ಹಂದಿಯಾದರೆ ಲೇಬಲ್ಲಿನಲ್ಲಿ ಹೇಳಿದ ಬಿಡುವಿನ ದಿನಗಳನ್ನು (ಲಸಿಕೆ ಕೊಟ್ಟ ಮೇಲೆ ಕಡಿಯಬಾರದ ದಿನಗಳನ್ನು) ಹಿಂದಕ್ಕೆ ಎಣಿಸಿಯೇ ಕೊಡಬೇಕು.

ಕೊಟ್ಟ ಮೇಲೆ ಒಂದೆರಡು ದಿನ ಜ್ವರ, ಹಾಲು ಸ್ವಲ್ಪ ಇಳಿತ, ಮೊದಲೇ ಹೇಳಿಬಿಟ್ಟರೆ ಜಗಳವಿಲ್ಲ. ನಿಂಬೆಗಾತ್ರದ ಗಟ್ಟಿ, ತಣ್ಣನೆಯ ಗಂಟು ವಾರಗಟ್ಟಲೆ ಇದ್ದು ತಾನೇ ಇಳಿಯುತ್ತದೆ; ಕುಯ್ಯಬಾರದು. ಬಿಸಿಯಾಗಿ, ನೋವಾಗಿ, ಮೆತ್ತಗಾದರೆ ಅದು ಅಡ್ಜುವಂಟಿನ ತಪ್ಪಲ್ಲ, ಸೂಜಿಯ ಕೊಳೆ. ರಕ್ಷಣೆ ಕೂಡಿಬರಲು ಎರಡು ಮೂರು ವಾರ ಬೇಕು, ಹಾಗಾಗಿ ಗಳಲೆಗೆ ಮೇ ತಿಂಗಳ ಮೊದಲ ವಾರವೇ ಸರಿ. ಜೂನಿನ ಮಳೆ ಹಿಡಿದ ಮೇಲೆ ಕೊಡುವುದು ತಡ.

ಎಣ್ಣೆ ಲಸಿಕೆ ನಿಮ್ಮ ಬೆರಳಿಗೇ ಚುಚ್ಚಿದರೆ, ಒಂದು ಹನಿಯಾದರೂ, ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವೇ ಗಂಟೆಗಳಲ್ಲಿ ಬಾವು ಏರಿ ಬೆರಳಿಗೆ ರಕ್ತ ಹೋಗುವುದು ನಿಲ್ಲಬಹುದು. ನೋವಿಲ್ಲವೆಂದು ಕಾಯದೆ, ಲಸಿಕೆಯ ಚೀಟಿ ಹಿಡಿದುಕೊಂಡು ಅಂದೇ ಆಸ್ಪತ್ರೆಗೆ ಹೋಗಿ, ಒಳಗಿರುವುದು ಮಿನರಲ್ ಎಣ್ಣೆ ಎಂದು ಸರ್ಜನ್‌ಗೆ ಹೇಳಿ. ಬೆರಳನ್ನು ಕುಯ್ದು ತೊಳೆಯಬೇಕಾಗಬಹುದು. ಒಳತೋಟದ ಲೈನ್ ಮನೆಗಳ (ತೋಟದ ಕಾರ್ಮಿಕರ ಮನೆಸಾಲುಗಳ) ಕಡೆ ಹೊರಡುವ ದಿನ ಆ ಚೀಟಿ ಜೇಬಿನಲ್ಲೇ ಇರಲಿ, ಜೀಪಿನಲ್ಲಲ್ಲ.